ಮೂರನೆಯ ಸಲ ಕೈ ಎತ್ತಿದಾಗ

ಮೊದಲು ಕಂಡದ್ದು ಬಾಯಾರಿಕೆ. ಅದನ್ನು ನಾನು ಕಾಯಿಲೆ ಎಂದುಕೊಳ್ಳಲಿಲ್ಲ, ಉಷ್ಣ ಎಂದುಕೊಂಡೆ. ಮಗಳು ಶ್ರಾವ್ಯ ಹತ್ತನೇ ಕ್ಲಾಸು. ಜನವರಿಯ ಚಳಿಯಲ್ಲೂ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಮತ್ತೆ ಮತ್ತೆ ಬಾತ್‌ರೂಮಿಗೆ ಹೋಗುತ್ತಿದ್ದಳು. ನಿದ್ದೆಗೆಟ್ಟು ಓದಿ ಮೈ ಬಿಸಿಯಾಗಿದೆ ಎಂದು ಬೆಲ್ಲದ ಪಾನಕ ಮಾಡಿಕೊಟ್ಟೆ. ಕುಡಿದಷ್ಟೂ ಬಾಯಾರಿಕೆ ಹೆಚ್ಚಾಯಿತು. ನಾನು ಪಾನಕವನ್ನೂ ಹೆಚ್ಚು ಮಾಡಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೋದಂತೆ ಹೇಳುವುದು ಇನ್ನೂ ಕಷ್ಟವಾಗುತ್ತದೆ.

ನಾವಿರುವುದು ಕಾರ್ಗಲ್‌ನಲ್ಲಿ. ಗಂಡ ವಿದ್ಯುತ್ ಯೋಜನೆಯ ನೌಕರ, ಮನೆ ಕ್ವಾರ್ಟರ್ಸಿನಲ್ಲಿ. ಮೈಟೋಕಾಂಡ್ರಿಯಾ ಜೀವಕೋಶದ ಪವರ್ ಹೌಸ್ ಎಂದು ಪಾಠ ಮಾಡಿದರೆ ಸಾಕು, ಅಲ್ಲಿ ಶಿಫ್ಟಿಗೆ ಯಾರ ಅಪ್ಪ ಹೋಗುತ್ತಾರೆ ಎಂದು ಮಕ್ಕಳು ಕೇಳಿ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ. ತಿಂದ ಅನ್ನ ಗ್ಲೂಕೋಸ್ ಆಗುತ್ತದೆ, ರಕ್ತದಲ್ಲಿ ಹರಿದು ಜೀವಕೋಶದೊಳಗೆ ಹೋಗುತ್ತದೆ, ಅಲ್ಲಿ ಆಮ್ಲಜನಕದ ನೆರವಿನಿಂದ ಒಡೆದು ಶಕ್ತಿ ಕೊಡುತ್ತದೆ, ಆ ಶಕ್ತಿಯನ್ನು ಎಟಿಪಿ ಹಿಡಿದಿಡುತ್ತದೆ. ಹದಿನೆಂಟು ವರ್ಷ ಇದನ್ನೇ ಹೇಳಿದ್ದೇನೆ. ಇನ್ಸುಲಿನ್ ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ ಎನ್ನುವುದೂ ಅದೇ ಪುಸ್ತಕದಲ್ಲಿದೆ. ಅದು ಒಂದು ಅಂಕದ ಪ್ರಶ್ನೆ, ಬರೆದೇ ಬರೆಯಿರಿ ಎಂದು ಮಕ್ಕಳ ತಲೆ ತಿನ್ನುತ್ತೇನೆ.

ಆ ತಿಂಗಳು ಹೊಸನಗರದ ಹತ್ತಿರ ನನ್ನ ತವರಿನಲ್ಲಿ ಆಲೆಮನೆ. ಕಬ್ಬು ಅರೆದು ಬೆಲ್ಲ ಕಾಯಿಸುವಾಗ ನೆಂಟರನ್ನೆಲ್ಲ ಕರೆಯುವುದು ನಮ್ಮ ಕಡೆಯ ಪದ್ಧತಿ. ಹೋದವರು ಕಬ್ಬಿನ ಹಾಲು ಕುಡಿಯಬೇಕು. ಸಾಕು ಎಂದರೆ ಬಿಡುವುದಿಲ್ಲ, ಖಾರದ ಮಂಡಕ್ಕಿ ತಿನ್ನಿಸಿ ಮತ್ತೆ ಕುಡಿಸುತ್ತಾರೆ. ಶ್ರಾವ್ಯ ಎಂಟು ಲೋಟ ಕುಡಿದಳು. ಒಂಬತ್ತನೆಯದನ್ನು ನಾನೇ ತುಂಬಿಸಿ ಕೊಟ್ಟೆ. ಟೀಚರಮ್ಮನ ಮಗಳು ಗಂಡು ಹುಡುಗರನ್ನೂ ಸೋಲಿಸಿಬಿಟ್ಟಳು ಎಂದು ನನ್ನ ಅಣ್ಣ ಬಂದವರಿಗೆಲ್ಲ ಹೇಳಿದ. ನನಗೆ ಹೆಮ್ಮೆಯಾಯಿತು. ಅವಳ ಚೂಡಿದಾರ ಭುಜದಿಂದ ಜಾರುತ್ತಿತ್ತು. ಸಣ್ಣಗಾಗಿ ಚೆಂದ ಕಾಣುತ್ತಾಳೆ ಎಂದು ಅತ್ತಿಗೆ ಅಂದದ್ದಕ್ಕೂ ಹೆಮ್ಮೆಯಾಯಿತು.

ಅದಾಗಿ ನಾಲ್ಕನೇ ದಿನ ಶಾಲೆಯಲ್ಲಿ ಒಂದು ಘಟನೆ ನಡೆಯಿತು. ಅದನ್ನು ಬರೆಯದೆ ಇದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಶ್ರಾವ್ಯ ನನ್ನದೇ ಕ್ಲಾಸಿನಲ್ಲಿದ್ದಳು. ಸ್ವಂತ ಮಗಳಿಗೆ ಸಲಿಗೆ ಕೊಟ್ಟಳು ಎಂದು ಯಾರೂ ಆಡಿಕೊಳ್ಳಬಾರದು ಎನ್ನುವುದು ನನ್ನ ರೋಗ. ಟೀಚರ್ ಆಗಿರುವ ತಾಯಂದಿರಿಗೆಲ್ಲ ಇದು ಸ್ವಲ್ಪ ಇರುತ್ತದೆ, ನನಗೆ ಜಾಸ್ತಿ. ಬೇರೆಯವರ ಮಕ್ಕಳು ತಪ್ಪು ಮಾಡಿದರೆ ಒಂದು ಮಾತು, ಅವಳಿಗಾದರೆ ನಾಲ್ಕು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೆ. ಅವತ್ತು ಟೆಸ್ಟ್ ಇತ್ತು. ಶ್ರಾವ್ಯ ಕೈ ಎತ್ತಿದಳು, ಟಾಯ್ಲೆಟ್ಟಿಗೆ ಹೋಗಿ ಬಂದಳು. ಇಪ್ಪತ್ತು ನಿಮಿಷಕ್ಕೆ ಮತ್ತೆ ಎತ್ತಿದಳು. ಮುಖ ಗಂಟಿಕ್ಕಿಕೊಂಡೇ ಕಳಿಸಿದೆ. ಮೂರನೆಯ ಸಲ ಎತ್ತಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಟೀಚರ್ ಮಗಳು ಅಂತ ನಿಂಗೆ ಬೇರೆ ರೂಲ್ ಇಲ್ಲ. ಕೂತ್ಕೋ," ಎಂದೆ.

ಕೂತಳು. ಹತ್ತು ನಿಮಿಷ ತಡೆದುಕೊಂಡು ಕೂತಳು.

ಆಮೇಲೆ ಬೆಂಚಿನ ಕೆಳಗೆ ನೀರು ಹರಿಯಿತು.

ಮುಂದೆ ನಿಂತಿದ್ದ ನನಗೆ ಕಂಡಿತು. ಪಕ್ಕದಲ್ಲಿ ಕೂತಿದ್ದ ಅವಳ ಗೆಳತಿ ರೇಷ್ಮಾಳಿಗೂ ಕಂಡಿತು. ರೇಷ್ಮಾ ತನ್ನ ಬಾಟಲಿಯ ಮುಚ್ಚಳ ತೆಗೆದು ಉರುಳಿಸಿದಳು. ಶ್ರಾವ್ಯಳ ಯೂನಿಫಾರ್ಮಿನ ಮೇಲೆ, ಉತ್ತರಪತ್ರಿಕೆಯ ಮೇಲೆ, ನೆಲದ ಮೇಲೆಲ್ಲ ನೀರು ಚೆಲ್ಲಿತು. ಸಾರಿ ಮಿಸ್, ಕೈ ತಾಗಿತು ಎಂದಳು. ಹದಿನೈದು ವರ್ಷದ ಹುಡುಗಿಗೆ ಆ ಕ್ಷಣದಲ್ಲಿ ಹೊಳೆದದ್ದು ಅದು. ಹೆಡ್‌ಮಾಸ್ಟರ್ ಈ ಕಡೆ ಬರದಿದ್ದರೆ ಸಾಕು ಎನ್ನುವುದು ನನಗೆ ಹೊಳೆದದ್ದು.

ಮನೆಗೆ ಬಂದವಳೇ ಶ್ರಾವ್ಯ ಹೋಗಿ ಮಲಗಿದಳು. ಸಂಜೆ ವಾಂತಿಯಾಯಿತು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಶಾಲೆಗೆ ಬರಲು ನಾಚಿಕೆ, ಅದಕ್ಕೆ ಈ ನಾಟಕ ಎಂದುಕೊಂಡೆ. ಹಾಗೆ ಅಂದೂಬಿಟ್ಟೆ. ಓಡಿ ಬಂದವಳ ಹಾಗೆ ಆಳವಾಗಿ ಉಸಿರಾಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿತ್ತು. ಶಿಫ್ಟ್ ಮುಗಿಸಿ ಬಂದ ಗಂಡ ಅವಳನ್ನು ಒಂದು ಸಲ ನೋಡಿದರು, ನನ್ನನ್ನು ಏನೂ ಕೇಳದೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿಸಿದರು.

ಸಾಗರದ ಆಸ್ಪತ್ರೆಯಲ್ಲಿ ನರ್ಸ್ ಬೆರಳು ಚುಚ್ಚಿ ಶುಗರ್ ನೋಡಿದರು. ಮೀಟರಿನಲ್ಲಿ ನಂಬರೇ ಬರಲಿಲ್ಲ. 'ಹೈ' ಎಂದಷ್ಟೇ ತೋರಿಸಿತು.

ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗ. ಐಸಿಯು. ಒಂದು ಕೈಗೆ ಸಲೈನ್, ಇನ್ನೊಂದಕ್ಕೆ ಇನ್ಸುಲಿನ್ ಡ್ರಿಪ್. ಡಾಕ್ಟರ್ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಟೈಪ್ ಒನ್ ಡಯಾಬಿಟಿಸ್ ಎಂದರು. ಉಳಿಸಿಕೊಳ್ಳಲು ನೋಡುತ್ತೇವೆ, ಆದರೆ ಇಪ್ಪತ್ನಾಲ್ಕು ಗಂಟೆ ಏನೂ ಹೇಳಲಾಗುವುದಿಲ್ಲ ಎಂದರು. ವಿವರಿಸುವ ಮೊದಲು ನಾನೇನು ಕೆಲಸ ಮಾಡುತ್ತೇನೆ ಎಂದು ಕೇಳಿದರು.

"ಮನೇಲೇ ಇರ್ತೀನಿ," ಎಂದೆ.

ಗಂಡ ನನ್ನ ಮುಖ ನೋಡಿದರು.

ಡಾಕ್ಟರ್ ಒಂದು ಚೀಟಿಯ ಹಿಂದೆ ದುಂಡಗೆ ಗೆರೆ ಎಳೆದು, ಇದು ಜೀವಕೋಶ ಅಮ್ಮ ಎಂದು ಶುರು ಮಾಡಿದರು. ನಡುವೆ ಒಂದು ಚುಕ್ಕಿ ಇಟ್ಟರು. ಭಾಗಗಳನ್ನು ಗುರುತಿಸಿಲ್ಲ, ಎರಡು ಅಂಕ ಹೋಯಿತು ಎಂದು ಆ ಹೊತ್ತಿನಲ್ಲೂ ನನ್ನ ತಲೆಗೆ ಬಂತು. ಹೊರಗೆ ಸಕ್ಕರೆ ಬೇಕಾದಷ್ಟಿದೆ, ಇನ್ಸುಲಿನ್ ಇಲ್ಲದೆ ಒಳಗೆ ಹೋಗುತ್ತಿಲ್ಲ, ವಾರಗಟ್ಟಲೆಯಿಂದ ನಿಮ್ಮ ಮಗಳ ಜೀವಕೋಶಗಳು ಉಪವಾಸ ಇವೆ ಎಂದರು. ಹೆಚ್ಚಾದ ಸಕ್ಕರೆಯನ್ನು ದೇಹ ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ, ಅದಕ್ಕೇ ಆ ಬಾಯಾರಿಕೆ. ಬೇರೆ ದಾರಿಯಿಲ್ಲದೆ ಕೊಬ್ಬನ್ನು ಉರಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್ ರಕ್ತವನ್ನು ಆಮ್ಲ ಮಾಡುತ್ತದೆ, ಅದಕ್ಕೇ ಆ ಉಸಿರು, ಆ ವಾಸನೆ. ನಾನು ತಲೆಯಾಡಿಸುತ್ತ ಕೇಳಿದೆ. ನನ್ನ ಪಾಠವನ್ನೇ ನನಗೆ ಹೇಳುತ್ತಿದ್ದರು. ಮೂರನೆಯ ಸಲ ಕೈ ಎತ್ತಿದವಳ ದೇಹ ಅದನ್ನೇ ಕ್ಲಾಸಿನಲ್ಲಿ ಎಲ್ಲರೆದುರು ಹೇಳುತ್ತಿತ್ತು.

ಪಾನಕದಿಂದ ಬಂತೇ, ಕಬ್ಬಿನ ಹಾಲಿನಿಂದ ಬಂತೇ ಎಂದು ಕೇಳಿದೆ.

"ಕಾಯಿಲೆ ಅದರಿಂದ ಬರ್ಲಿಲ್ಲ. ಯಾರ ತಪ್ಪೂ ಅಲ್ಲ. ಆದ್ರೆ ಒಂದು ವಾರ ಮೊದ್ಲು ಕರ್ಕೊಂಡು ಬಂದಿದ್ರೆ ಇಷ್ಟು ಆಗ್ತಿರ್ಲಿಲ್ಲ," ಎಂದರು.

ಮೊದಲ ಎರಡು ವಾಕ್ಯಗಳನ್ನು ಗಂಡ ಇಟ್ಟುಕೊಂಡರು. ಕೊನೆಯದು ನನ್ನ ಪಾಲಿಗೆ ಉಳಿಯಿತು.

ಬದುಕಿದಳು. ಮೂರನೇ ದಿನ ಕಣ್ಣು ಬಿಟ್ಟು ಹಸಿವು ಅಂದಳು. ಎಂಟನೇ ದಿನ ಮನೆಗೆ ಬಂದೆವು. ದಿನಕ್ಕೆ ನಾಲ್ಕು ಇಂಜೆಕ್ಷನ್, ಜೀವ ಇರುವವರೆಗೆ. ಅವಳೇ ಚುಚ್ಚಿಕೊಳ್ಳುತ್ತಿದ್ದಳು. ಇನ್ಸುಲಿನ್ ಹೆಚ್ಚಾಗಿ ಶುಗರ್ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸ್ ಯಾವಾಗಲೂ ಜೊತೆಗಿರಬೇಕಿತ್ತು. ಶುಗರ್ ಎಷ್ಟಿದೆ ಎಂದು ಅಪ್ಪನಿಗೆ ಹೇಳುತ್ತಿದ್ದಳು, ನನಗಲ್ಲ. ಅವತ್ತಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ನನ್ನನ್ನು ಮತ್ತೆ ನಂಬುತ್ತಾಳೋ ಇಲ್ಲವೋ ಎನ್ನುವ ಭಯ ಮಾತ್ರ ದಿನವೂ ನನ್ನ ಜೊತೆಗಿತ್ತು.

ರಜೆ ಮುಗಿಸಿ ನಾನು ಅವಳಿಗಿಂತ ಮೊದಲು ಶಾಲೆಗೆ ಹೋದೆ. ಅವಳು ಬರುವ ಮುಂಚೆ ತಪ್ಪೊಪ್ಪಿಕೊಳ್ಳಬೇಕು ಎಂದು ನಿರ್ಧರಿಸಿದ್ದೆ. ಅವತ್ತು ಶ್ರಾವ್ಯಳಿಗೆ ಬೆಂಚಿನಲ್ಲೇ ಮೂತ್ರ ಹೋಯಿತು, ಅದು ಕಾಯಿಲೆ, ಹೊರಗೆ ಬಿಡದೆ ಕೂರಿಸಿದ ತಪ್ಪು ನನ್ನದು ಎಂದು ಇಡೀ ಕ್ಲಾಸಿಗೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಎದೆಯ ಭಾರ ಇಳಿಯಿತು. ರೇಷ್ಮಾ ತಲೆ ತಗ್ಗಿಸಿದ್ದಳು. ಯಾಕೆ ಎಂದು ನಾನು ಯೋಚಿಸಲೇ ಇಲ್ಲ.

ಸಂಜೆ ಮನೆಗೆ ಬರುವಷ್ಟರಲ್ಲಿ ರೇಷ್ಮಾಳ ಫೋನ್ ಬಂದು ಹೋಗಿತ್ತು. ಶ್ರಾವ್ಯ ಹಾಲ್‌ನಲ್ಲಿ ನಿಂತಿದ್ದಳು.

"ಎಲ್ರೂ ಬಾಟ್ಲಿ ನೀರು ಅಂದ್ಕೊಂಡಿದ್ರು ಅಮ್ಮ. ರೇಷ್ಮಾ ಬಿಟ್ರೆ ಒಬ್ರಿಗೂ ಗೊತ್ತಿರ್ಲಿಲ್ಲ. ನೀನು ಹೇಳ್ದೆ."

ತಪ್ಪು ಒಪ್ಪಿಕೊಂಡೆ ಕಣೇ ಎಂದೆ.

"ನಿಂಗೆ ಹಗುರ ಆಗ್ಲಿ ಅಂತ ನನ್ನ ವಿಷ್ಯ ಹೇಳಿದ್ಯಾ?"

ಹೆಗಲಿನ ಬ್ಯಾಗು ಇಳಿಸಿ ಅವಳ ಕಡೆ ಹೋದೆ.

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಕ್ಷಮಿಸು ಎನ್ನಲು ನಾನೂ ಹಿಂದೆ ಹೋದೆ. ಕ್ವಾರ್ಟರ್ಸಿನ ಹಿಂದಿನ ರಸ್ತೆ ಕಡಿದಾದ ಏರು. ಹದಿನೈದು ದಿನದ ಹಿಂದೆ ಲೋಟ ಹಿಡಿಯಲೂ ತ್ರಾಣವಿಲ್ಲದೆ ಮಲಗಿದ್ದವಳು ಬಿರಬಿರನೆ ಹತ್ತಿದಳು. ನನಗೆ ಏದುಸಿರು ಬಂದು ಅರ್ಧದಲ್ಲೇ ನಿಂತೆ. ಮಧ್ಯಾಹ್ನ ಉಂಡ ಅನ್ನ ಅವಳ ಕಾಲಿಗೆ ತಲುಪಿತ್ತು. ಸಿಟ್ಟು ಮಾಡುವಷ್ಟು ಶಕ್ತಿ ಮಿಕ್ಕಿತ್ತು. ನನಗೆ ತಡೆಯಲಾರದಷ್ಟು ಸಂತೋಷವಾಯಿತು, ಮರುಕ್ಷಣ ಆ ಸಂತೋಷಕ್ಕೂ ನಾಚಿಕೆಯಾಯಿತು.

ಮೇಲಿನ ತಿರುವಿನಲ್ಲಿ ಅವಳು ತಿರುಗಿ ನಿಂತಳು.

"ಜೇಬಲ್ಲಿ ಗ್ಲೂಕೋಸ್ ಇದೆ. ಹಿಂದೆ ಬರ್ಬೇಡ, ಮನೆಗೆ ಹೋಗು."

ಈ ಸಲ ಅವಳ ಮಾತು ಕೇಳಿದೆ. ಮನೆಗೆ ಹೋದೆ.