ಒತ್ತು ಎಂದವರು

ಹಿಂದೂಪುರದ ಆ ಕಂಪ್ಯೂಟರ್ ರಿಪೇರಿಯವರು ಬಿಚ್ಚಿದ ಸ್ಕ್ರೂಗಳನ್ನು ಖಾಲಿ ಟೀ ಲೋಟಕ್ಕೆ ಹಾಕಿಕೊಳ್ಳುತ್ತಿದ್ದರು. ಯಾರು ಅವಸರ ಮಾಡಿದರೂ, "ನಿದಾನಂಗಾ ಅನ್ನಾ, ಓದಿ ಒತ್ತು," ಎನ್ನುವರು.

ನನ್ನ ತಂಗಿ ಸೀರೆಯಂಚಿನ ಡಿಸೈನ್ ಬರೆಯುವ ಕಂಪ್ಯೂಟರ್ ಕೆಟ್ಟಾಗ, ಅದನ್ನು ನಡೆಸುವ ಓಎಸ್ ಹೊಸದಾಗಿ ಹಾಕಿಕೊಳ್ಳಲು ಕಲ್ಯಾಣದುರ್ಗದ ನಮ್ಮ ಮನೆಗೆ ಪೆನ್‌ಡ್ರೈವ್ ಕೊಟ್ಟು ಕಳಿಸಿದರು. ನಾನು ಅದನ್ನು ಹಾಕಿದಾಗ ಕೆಲಸ ಅರ್ಧಕ್ಕೇ ನಿಂತು, ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ತಂಗಿ ಮನೆಯಲ್ಲಿರಲಿಲ್ಲ. ನಾನೇ ಅವರಿಗೆ ಫೋನ್ ಮಾಡಿದೆ.

"ಅದ್ರಾಗೆ ಏನ್ ಬರ್ದೈತೆ ಓದಣ್ಣ. ಡಿಸೈನ್ ಇರೋ ಜಾಗ ಮುಟ್ಟಬಾರ್ದು. ಓದಕ್ಕಾಗ್ದಿದ್ರೆ ಫೋಟೋ ಕಳ್ಸು, ನಾನೇ ನೋಡ್ತೀನಿ."

ನಾನು ಐದನೇ ತರಗತಿಗೇ ಶಾಲೆ ಬಿಟ್ಟವನು. ಇಂಗ್ಲಿಷ್ ಬರದು ಎನ್ನಲು ನಾಚಿಕೆಯಾಯಿತು.

"ನಂಗೇನ್ ಓದಕ್ ಬರಲ್ವಾ? ಎಲ್ಲಾ ಸರ್ಯಾಗೈತೆ," ಎಂದೆ.

"ಹಂಗಾದ್ರೆ ಒತ್ತಣ್ಣ."

ಒತ್ತಿದೆ. ತಂಗಿಯ ಎರಡು ವರ್ಷದ ಡಿಸೈನ್‌ಗಳೆಲ್ಲ ಅಳಿಸಿಹೋದವು.

ಸಂಜೆ ಅವಳು ಅಳುತ್ತಲೇ ಫೋನಿನಲ್ಲಿ ಅವರನ್ನು ಬೈದಳು. "ಒತ್ತು ಅಂದೋನು ನಾನೇ ಕಣಮ್ಮ, ತಪ್ಪಾಯ್ತು," ಎಂದರು. ನನ್ನ ಮಾತೇ ಎತ್ತಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ತಂಗಿ ಈಗ ಬೇರೆ ಅಂಗಡಿಗೆ ಹೋಗುತ್ತಾಳೆ. ಅವರ ಸುದ್ದಿ ಬಂದರೆ ಸಾಕು, "ಕೆಲ್ಸಾನೇ ಬರಲ್ಲ ಕಣಣ್ಣ ಅವ್ನಿಗೆ," ಎನ್ನುತ್ತಾಳೆ.

"ಹೂಂ ಕಣಮ್ಮ," ಎನ್ನುತ್ತೇನೆ.