ಖಲಂದರ್ ಕಡೆದ ಬೆಂಡು

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರಿಗೆ ಬರವಿಲ್ಲ, ಗಾಳ ಹಾಕುವ ಹುಚ್ಚರಿಗೂ ಬರವಿಲ್ಲ. ಎರಡೂ ಒಬ್ಬನ ಮೈಯಲ್ಲೇ ಸೇರಿದ್ದನ್ನು ಮಾತ್ರ ನಾನು ಕಂಡದ್ದು ಖಲಂದರನಲ್ಲಿ. ಅವನು ಸತ್ತು ನಾಲ್ಕು ವರ್ಷವಾಯಿತು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೂತಿದ್ದೇನೆ. ಬರೆಯುತ್ತ ಹೋದರೆ ನನ್ನ ಬಗ್ಗೆ ಕೆಟ್ಟ ಮಾತನ್ನೂ ಬರೆಯಬೇಕಾಗುತ್ತದೆ. ಇಷ್ಟು ದಿನ ಮುಂದೂಡಿದ್ದು ಅದಕ್ಕೇ.

ಆಗ ನಾನು ಕಣ್ವ ಜಲಾಶಯದ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಮನೆ ಚನ್ನಪಟ್ಟಣದಲ್ಲಿ, ಖಲಂದರನ ಮನೆಯ ಎರಡು ಬೀದಿ ಆಚೆ. ಭಾನುವಾರ ಬಂತೆಂದರೆ ಅವನು ಸೈಕಲ್ಲಿಗೆ ಗಾಳದ ಕೋಲು ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ಬೆಲ್ಲು ಬಾರಿಸುತ್ತಿದ್ದ. ಕಣ್ವದ ದಂಡೆಯಲ್ಲಿ ಸಿದ್ದಯ್ಯ ನಮಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಸಿದ್ದಯ್ಯ ಆ ಹಳ್ಳಿಯ ರೈತ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಎರಡು ಎಮ್ಮೆ. ಅವನ ಮಗಳು ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಮೂವರ ಸ್ನೇಹ ಬೆಳೆದದ್ದು ನೀರಿನ ಪಕ್ಕ, ಮಾತಿಗಿಂತ ಹೆಚ್ಚು ಸುಮ್ಮನೆ ಕೂತು.

ಬೆಂಗಳೂರಿನಿಂದ ಥಳಥಳ ಹೊಳೆಯುವ ಫಾರಿನ್ ಕೋಲು ತಂದು, ದಿನವಿಡೀ ಕೂತು, ಸಂಜೆ ಬರಿಗೈಯಲ್ಲಿ ಜೀಪು ಹತ್ತುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಖಲಂದರನ ಸಾಮಾನು ಒಂದೂ ಅಂಗಡಿಯದಲ್ಲ. ಕೋಲು ಬಿದಿರಿನದು. ದಾರ ಹಾಯಲು ಅದರ ಮೇಲೆ ಕೂರಿಸಿದ ಬಳೆಗಳು ಮುರಿದ ಛತ್ರಿಯ ಕಡ್ಡಿಯವು. ದಾರ ಸುತ್ತುವ ರಾಟೆಯನ್ನು ಹಾಲೆ ಮರದಲ್ಲಿ ತಾನೇ ಕಡೆದು, ಹಳೆಯ ಸೈಕಲ್ ಚಕ್ರದ ಗುಂಡುಗಳನ್ನು ಒಳಗೆ ಇಟ್ಟಿದ್ದ. ಬೆರಳು ತಾಗಿಸಿದರೆ ಗಿರ್ರನೆ ತಿರುಗುತ್ತಿತ್ತು. ಮೇವಿಗೆ ಪಕ್ಕದ ಮನೆಯಲ್ಲಿ ರೇಷ್ಮೆ ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿದ ಹುಳ. ಆ ನಾತಕ್ಕೆ ನನಗೆ ವಾಂತಿ ಬರುವಂತಾಗುತ್ತಿತ್ತು, ಕಣ್ವದ ಗೆಂಡೆ ಮೀನುಗಳಿಗೆ ಅದೇ ಬಾಡೂಟ.

ಏನೇ ಮಾಡಲಿ, ಅದಕ್ಕೆ ಬಣ್ಣ ಕೊಡದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮರ ಯಂತ್ರದ ಮೇಲೆ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡಿದು, ಆ ಬಿಸಿಗೇ ಅರಗು ಕರಗಿ ಮೈಗೆ ಹತ್ತಿದ ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಿದ್ದ. ನೀರಿನ ಮೇಲೆ ತೇಲುವ ಬೆಂಡು ಕೂಡ ಕೆಂಪು, ಹಳದಿ ಪಟ್ಟೆ ಹಾಕಿಕೊಂಡು ಮದುವೆಗೆ ಹೊರಟಂತಿರುತ್ತಿತ್ತು. "ಮೀನು ಹಿಡಿಯೋಕೆ ಬಂದಿದ್ದೀಯೋ, ಮೀನಿಗೆ ಆಟದ ಸಾಮಾನು ಮಾರೋಕೆ ಬಂದಿದ್ದೀಯೋ?" ಎಂದು ನಾನು ರೇಗಿಸುತ್ತಿದ್ದೆ.

ಅವನಿಗೆ ಇನ್ನೊಂದು ಹಟ. ಮೊಳೆ ಮುಟ್ಟುವುದಿಲ್ಲ. ಬೊಂಬೆಯನ್ನು ಮಗು ಬಾಯಿಗೆ ಇಟ್ಟುಕೊಳ್ಳುತ್ತದೆ, ಅದರಲ್ಲಿ ಕಬ್ಬಿಣ ಇರಕೂಡದು ಎಂದು ಅವನಪ್ಪ ಇಮಾಮ್ ಸಾಬ್ ಕಲಿಸಿದ್ದ. ತಲೆಯನ್ನು ಮೈಗೆ ಕೂರಿಸಬೇಕಾದರೆ ಮರದ ಗೂಟ, ಮೇಲೆ ಬಿಸಿ ಅರಗು. ಅಷ್ಟೇ. ಆ ಮನೆಯಿಂದ ಹೋದ ಬೊಂಬೆಯ ತಲೆ ಕಳಚಿತೆಂದು ಯಾರೂ ವಾಪಸು ತಂದದ್ದಿಲ್ಲ. ಅದು ಅವನ ಹೆಮ್ಮೆ.

ಸಿದ್ದಯ್ಯನ ಹೆಮ್ಮೆ ಅವನ ಗಂಟು. ನೈಲಾನ್ ದಾರವನ್ನು ಐದು ಸುತ್ತು ಸುತ್ತಿ, ಎಂಜಲು ಹಚ್ಚಿ, ಹಲ್ಲಲ್ಲಿ ಎಳೆದನೆಂದರೆ ದಾರ ತುಂಡಾಗಬೇಕೇ ಹೊರತು ಗಂಟು ಸಡಿಲವಾಗುತ್ತಿರಲಿಲ್ಲ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಚಪ್ಪರ ಬಿಗಿಯಲು ಅವನೇ ಬೇಕು. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಬಿದ್ದಿತ್ತು: ಸಾಮಾನು ಮಾಡುವವನು ಖಲಂದರ್, ದಾರ ಕಟ್ಟುವವನು ಸಿದ್ದಯ್ಯ, ಬುತ್ತಿ ತಿಂದು ತಪ್ಪು ಹುಡುಕುವವನು ನಾನು.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಖಲಂದರ್ ಒಂದು ಹೊಸ ಬೆಂಡು ತಂದ. ಬರೀ ಬೆಂಡು ಹಗುರ, ದೂರಕ್ಕೆ ಎಸೆಯಲು ಆಗುವುದಿಲ್ಲ. ಅದಕ್ಕೆ ಬುಗುರಿಯಾಕಾರದ ದೊಡ್ಡ ಬೆಂಡು ಕಡೆದು, ಹೊಟ್ಟೆಯಲ್ಲಿ ಗುಳಿ ಮಾಡಿ, ಸೀಸದ ಗುಂಡು ಕೂರಿಸಿದ್ದ. ಗುಂಡನ್ನು ಹಿಡಿದದ್ದು ಅರಗು. ಸೀಸಕ್ಕೆ ಗೂಟ ಹೊಡೆಯಲಾಗದು, ಮೊಳೆಯನ್ನಂತೂ ಅವನು ಹೊಡೆಯುವುದಿಲ್ಲ. ಬೆಂಡಿನ ಕೊರಳಿನ ತೂತಿಗೆ ಸಿದ್ದಯ್ಯ ದಾರ ಬಿಗಿದ. ಬೆಳಿಗ್ಗೆ ಖಲಂದರ್ ಅದನ್ನು ಮೂರು ಸಲ ಎಸೆದ. ನಾವು ಎಂದೂ ಮುಟ್ಟದ ಮಡುವಿನ ಮಧ್ಯಕ್ಕೆ ಹೋಗಿ ಬಿತ್ತು. ಮೂವರೂ ಮಕ್ಕಳ ಹಾಗೆ ಕೂಗಾಡಿದೆವು.

ಆಮೇಲೆ ಊಟಕ್ಕೆ ಕೂತೆವು. ಕೋಲು, ಬೆಂಡು ಎಲ್ಲ ಕರೀ ಬಂಡೆಯ ಮೇಲೆ, ನೆತ್ತಿ ಸುಡುವ ಬಿಸಿಲಲ್ಲಿ ಬಿದ್ದಿದ್ದವು. ಬೊಂಬೆ ಮನೆಯೊಳಗೆ ಇರುವ ವಸ್ತು. ಅರಗು ಬಿಸಿಲಿಗೆ ಮೆತ್ತಗಾದೀತೆಂದು ಯೋಚಿಸುವ ಪ್ರಸಂಗ ಇಮಾಮ್ ಸಾಬನಿಗೂ ಬಂದಿರಲಿಲ್ಲ, ಮಗನಿಗೂ ಬಂದಿರಲಿಲ್ಲ. ಊಟವಾದ ಮೇಲೆ ಖಲಂದರ್ ಎದ್ದು ಕೋಲು ಬೀಸಿದ. ಸಿದ್ದಯ್ಯ ಮುಂದೆ, ಒಂದು ಪಕ್ಕಕ್ಕೆ, ನೀರಲ್ಲಿ ಕೈ ತೊಳೆಯುತ್ತ ನಿಂತವನು ತಿರುಗಿ ನೋಡಿದ. ಎಡಗಣ್ಣನ್ನು ಒತ್ತಿಕೊಂಡು ಹಾಗೇ ಕುಸಿದ.

ನಾನು ಓಡಿ ಹೋಗಿ ಅವನನ್ನು ಹಿಡಿದುಕೊಂಡೆ. ತಲೆ ಎತ್ತಿದಾಗ ಖಲಂದರ್ ದಾರ ಎಳೆದುಕೊಳ್ಳುತ್ತಿದ್ದ. ಬೆಂಡು ದಾರದ ತುದಿಯಲ್ಲೇ ಇತ್ತು. ಗಂಟು ಗಟ್ಟಿಯಾಗಿತ್ತು. ಹೊಟ್ಟೆಯ ಗುಳಿ ಮಾತ್ರ ಖಾಲಿ. ಅವನು ಗಂಟಿನ ಮೇಲ್ಗಡೆ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, ಬೆಂಡನ್ನು ಜುಬ್ಬದ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಕಣ್ಣು ಉಳಿಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಸಿದ್ದಯ್ಯ, ಯಾರೂ ಕೇಳುವ ಮೊದಲೇ ತಾನೇ ಹೇಳಿದ: "ನನ್ನ ಗಂಟೇ ಬಿಚ್ಕೊಂಡು ಬೆಂಡು ಬಂದು ಬಡೀತು ಅಂತ ಕಾಣ್ತದೆ. ಬೆಂಡು ಎಲ್ಲೋಯ್ತು ಸಾಬ್ರೇ?"

"ನೀರಿಗೆ ಹೋಯ್ತು" ಎಂದ ಖಲಂದರ್.

ಪಕ್ಕದಲ್ಲಿದ್ದ ಸಿದ್ದಯ್ಯನ ಹೆಂಡತಿ ಕೆಂಚಮ್ಮ ಅಳುತ್ತಲೇ ಗಂಡನನ್ನು ಬೈದಳು. "ಊರೋರ ಚಪ್ಪರವೆಲ್ಲ ಬಿಗೀತಿದ್ದೆ, ಒಂದು ಬೆಂಡು ಕಟ್ಟಕ್ಕಾಗ್ಲಿಲ್ವ ನಿನ್ನ ಕೈಲಿ?" ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. "ಹೋಗ್ಲಿ ಬಿಡಮ್ಮ, ಆಗಿದ್ದಾಯ್ತು" ಎಂದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೆತ್ತ ಹಿಡಿದು ಕಲಿಸುವ ಮೇಷ್ಟ್ರು ನಾನು.

ಮರುವರ್ಷದಿಂದ ಮತ್ತೆ ಗಾಳ ಹಾಕಲು ಕೂತೆವು. ಒಂಟಿ ಕಣ್ಣಿಗೆ ಬೆಂಡು ಮುಳುಗಿತೋ ತೇಲಿತೋ ಸರಿಯಾಗಿ ಕಾಣುತ್ತಿರಲಿಲ್ಲ. ಖಲಂದರ್ ಸಿದ್ದಯ್ಯನಿಗೆಂದು ಕೂಸಿನ ಗಿಲಕಿಯ ಹಾಗೊಂದು ಕಡೆದು ತಂದು ಕೋಲಿನ ತುದಿಗೆ ಕಟ್ಟಿದ. ಮೀನು ದಾರ ಎಳೆದರೆ ಗಿಲಿಗಿಲಿ ಎನ್ನುತ್ತಿತ್ತು. ಗಾಳದ ಸಣ್ಣ ಕಣ್ಣಿಗೆ ದಾರ ಪೋಣಿಸಲು ಬೆರಳುದ್ದದ ಒಂದು ಮರದ ಕೊಳವೆ ಮಾಡಿದ. ಕೂರಲು ಮಡಿಚುವ ಮಣೆ ಮಾಡಿದ. ವರ್ಷಕ್ಕೊಂದು, ಎರಡು, ಹೊಸ ಹೊಸ ಉಪಾಯ. ಬೊಂಬೆಗೆ ಬಿಟ್ಟು ಉಳಿದೆಲ್ಲದಕ್ಕೂ ಈಗ ಮೊಳೆ ಹೊಡೆಯುತ್ತಿದ್ದ. "ಏನ್ ಸಾಬ್ರೇ, ಅಪ್ಪನ ಮಾತು ಮರ್ತುಬುಟ್ರಾ?" ಎಂದು ಸಿದ್ದಯ್ಯ ನಕ್ಕರೆ ಅವನು ನೀರಿನ ಕಡೆ ನೋಡುತ್ತಿದ್ದ.

ಎಲ್ಲ ಕೊಟ್ಟ. ಕೊಡಬೇಕಾದ್ದೊಂದನ್ನು ಬಿಟ್ಟು.

ಸಿದ್ದಯ್ಯ ಗಂಟು ಹಾಕುವುದನ್ನೇ ನಿಲ್ಲಿಸಿದ್ದ. ಎಮ್ಮೆಯ ಹಗ್ಗವನ್ನು ಕೂಡ ಕೆಂಚಮ್ಮ ಒಮ್ಮೆ ಎಳೆದು ನೋಡಬೇಕು. ದಾರವನ್ನು ಖಲಂದರನ ಕೈಗೆ ಕೊಟ್ಟು, "ನೀವೇ ಕಟ್ಟಿ ಸಾಬ್ರೇ, ನನ್ನ ಕೈ ನಂಬಂಗಿಲ್ಲ" ಎನ್ನುತ್ತಿದ್ದ. ಖಲಂದರನ ಗಂಟು ಗಂಟಲ್ಲ, ದೇವರೇ ಕಾಪಾಡಬೇಕು. ಎಷ್ಟೋ ಮೀನು ಗಾಳ ಸಮೇತ ಹೋದವು.

ತೊಂಬತ್ತೇಳರಲ್ಲಿ ಸಿದ್ದಯ್ಯನ ಕೊನೆಯ ಮಗಳ ಮದುವೆ. ಚಪ್ಪರದ ದಿನ ಬೆಳಿಗ್ಗೆಯೇ ನಾವಿಬ್ಬರೂ ಹೋಗಿದ್ದೆವು. ಪಕ್ಕದ ಊರಿನಿಂದ ಬಂದ ಯಾರೋ ಮೇಲೆ ಹತ್ತಿ ಕಟ್ಟುತ್ತಿದ್ದರು. ಸಿದ್ದಯ್ಯ ತನ್ನ ಮಗಳ ಚಪ್ಪರದ ಕೆಳಗೆ ನಿಂತು ಹಗ್ಗದ ತುಂಡು ಎತ್ತಿ ಕೊಡುತ್ತಿದ್ದ. ಒಂದು ಬೊಂಬು ಸಡಿಲವಾಗಿ ಜಾರಿತು. ಸಿದ್ದಯ್ಯನ ಕೈ ತಾನಾಗಿ ಮೇಲೆ ಹೋಯಿತು, ಹಗ್ಗ ಮುಟ್ಟಿತು, ಮತ್ತೆ ಕೆಳಗೆ ಬಂತು. "ಬ್ಯಾಡ ಬುಡಿ, ನೀವೇ ಬಿಗೀರಿ. ನಂದು ಕಣ್ಣು ತಿಂದ ಗಂಟು" ಎಂದು ನಗಲು ನೋಡಿದ. ನನ್ನ ಪಕ್ಕದಲ್ಲಿದ್ದ ಖಲಂದರ್ ಎದ್ದು ಹೊರಗೆ ಹೋದ.

ಮುಂದಿನ ಭಾನುವಾರ ಬಾಗಿಲಲ್ಲಿ ಸೈಕಲ್ ಬೆಲ್ಲು. "ಮೇಷ್ಟ್ರೇ, ಇವತ್ತು ಹೇಳ್ಬಿಡ್ತೀನಿ" ಎಂದ.

ನನಗೆ ಸಿಟ್ಟೇ ಬಂತು. "ಇಪ್ಪತ್ತೊಂದು ವರ್ಷ ಸುಮ್ಮನಿದ್ದು ಈಗ ಯಾಕೆ? ಹೋದ ಕಣ್ಣು ಬರುತ್ತಾ?"

"ಕಣ್ಣು ನಾನು ಕೊಡೋಕಾಗಲ್ಲ. ಕೈ ಕೊಡಬಹುದಲ್ಲ" ಎಂದ.

ಕಣ್ವದ ದಂಡೆಯಲ್ಲಿ, ಅದೇ ಬಂಡೆಯ ಪಕ್ಕ, ಕರ್ಚೀಫು ಬಿಚ್ಚಿ ಆ ಬೆಂಡನ್ನು ಸಿದ್ದಯ್ಯನ ಅಂಗೈಯಲ್ಲಿಟ್ಟ. ಕೆಂಪು ಇನ್ನೂ ಮಾಸಿರಲಿಲ್ಲ.

"ಇದು ಆವತ್ತಿನ ಬೆಂಡು ಸಿದ್ದಣ್ಣ. ನೀರಿಗೆ ಹೋಗಿರಲಿಲ್ಲ, ನಾನೇ ಜೇಬಿಗೆ ಹಾಕ್ಕೊಂಡೆ. ಮುಟ್ಟಿ ನೋಡು. ನಿಂದು ಗಂಟು ಬಿಚ್ಚಿಲ್ಲ. ನಂದು ಅರಗು ಕರಗಿ ಗುಂಡು ಹಾರಿದ್ದು."

ಸಿದ್ದಯ್ಯ ಗಂಟನ್ನು ಉಗುರಿನಿಂದ ತಡವಿದ. ದಾರದ ಮೋಟು ತುದಿಯನ್ನು ಹಲ್ಲಿಗೆ ಕೊಟ್ಟು ಎಳೆದ. ಅದು ಅಲುಗಲಿಲ್ಲ. ಅಷ್ಟರಲ್ಲಿ ಅವನ ಕೋಲಿನ ಗಿಲಕಿ ಗಿಲಿಗಿಲಿ ಎಂದಿತು. ಯಾರೂ ಏಳಲಿಲ್ಲ. ಅದು ಸುಮಾರು ಹೊತ್ತು ಬಡಿದುಕೊಂಡು ತಾನೇ ನಿಂತಿತು.

"ಕಣ್ಣು ಹೋಗಿದ್ದಕ್ಕೆ ನಾನು ಯಾರನ್ನೂ ಬೈದಿಲ್ಲ ಸಾಬ್ರೇ. ಆವತ್ತೇ ಹೇಳಿದ್ರೆ ಆವತ್ತೇ ಮರ್ತುಬುಡ್ತಿದ್ದೆ" ಎಂದ. ಬೆಂಡನ್ನು ಬಂಡೆಯ ಮೇಲಿಟ್ಟು, "ಮಗಳ ಚಪ್ಪರಕ್ಕೆ ಕೈ ಹಾಕ್ಲಿಲ್ಲ ನಾನು. ಅದನ್ನ ಎಲ್ಲಿಂದ ತಂದುಕೊಡ್ತೀರ?" ಎಂದ.

ಖಲಂದರ್ ತಲೆ ತಗ್ಗಿಸಿ ನಿಂತಿದ್ದ. ಸಿದ್ದಯ್ಯ ನನ್ನ ಕಡೆ ತಿರುಗಿದ. ನಾನು ಅವನ ಎಡಕ್ಕೆ ಕೂತಿದ್ದರಿಂದ ಇಡೀ ಕತ್ತನ್ನೇ ತಿರುಗಿಸಬೇಕಾಯಿತು.

"ಮೇಷ್ಟ್ರೇ, ನಿಮಗೂ ಗೊತ್ತಿತ್ತಾ?"

"ಇಲ್ಲ ಕಣಪ್ಪ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಖಲಂದರ್ ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದ. ಸೈಕಲ್ಲು ತಳ್ಳಿಕೊಂಡು ಏರಿಯ ಮೇಲೆ ಒಬ್ಬನೇ ಹೊರಟುಹೋದ. ಸಿದ್ದಯ್ಯ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನೀವೊಬ್ಬರಾದ್ರೂ ಇದ್ದೀರಲ್ಲ ಮೇಷ್ಟ್ರೇ" ಎಂದ.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವರಿಬ್ಬರಿಗೆ ಮಾತಿರಲಿಲ್ಲ. ಆಮೇಲೆ ಖಲಂದರ್ ಹಾಸಿಗೆ ಹಿಡಿದ. ಮರದ ಧೂಳು ಕುಡಿದ ಎದೆ. ನೋಡಲು ಹೋದಾಗ ಮಂಚದಿಂದ ಬಾಗಿಲವರೆಗೆ ಗೋಡೆಯುದ್ದಕ್ಕೂ ಒಂದು ಹಗ್ಗ ಬಿಗಿದಿತ್ತು, ಮೊಳಕ್ಕೊಂದು ಗಂಟು. "ಸಿದ್ದಯ್ಯ ಬಂದು ಕಟ್ಟಿಕೊಟ್ಟು ಹೋದ್ರು. ಈಗ ಇವರು ಅದನ್ನ ಹಿಡ್ಕೊಂಡೇ ಎದ್ದು ಓಡಾಡ್ತಾರೆ" ಎಂದು ಅವನ ಹೆಂಡತಿ ಅಕ್ಬರಿ ಬೇಗಂ ಹೇಳಿದಳು. ಅವಳು ಚಹಾ ತರಲು ಒಳಗೆ ಹೋದ ಕೂಡಲೇ ನಾನು ಕೇಳಬಾರದ್ದನ್ನು ಕೇಳಿದೆ: "ನನ್ನ ವಿಷಯ ಅವನಿಗೆ ಹೇಳಿದೆಯಾ?"

ಖಲಂದರ್ ಉಸಿರು ಹಿಡಿದುಕೊಂಡು ಹೇಳಿದ: "ಅದು ನಿಮ್ಮದು ಮೇಷ್ಟ್ರೇ. ನಾನು ಹೇಗೆ ಹೇಳ್ಲಿ?"

ಅವನು ಸತ್ತಾಗಲೂ ಆ ಹಗ್ಗ ಸಡಿಲವಾಗಿರಲಿಲ್ಲ.

ಸಿದ್ದಯ್ಯ ಈಗ ಊರಿನ ಚಪ್ಪರಗಳನ್ನೆಲ್ಲ ಮತ್ತೆ ಕಟ್ಟುತ್ತಾನೆ. ನನಗೆ ಎಪ್ಪತ್ತು ದಾಟಿದೆ, ಬೆರಳು ನಡುಗುತ್ತವೆ, ಗಾಳಕ್ಕೆ ದಾರ ಕಟ್ಟಲು ಆಗುವುದಿಲ್ಲ. ಅವನೇ ಕಟ್ಟಿಕೊಡುತ್ತಾನೆ. ಅವನಿಗೆ ಓದು ಬಾರದು. ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅದಕ್ಕೇ ಎಂದು ನನಗೆ ಗೊತ್ತು. ಇವತ್ತು ಬೆಳಿಗ್ಗೆಯೂ ಐದು ಸುತ್ತು ಸುತ್ತಿ, ಎಂಜಲು ಹಚ್ಚಿ, ಹಲ್ಲಲ್ಲಿ ಎಳೆದು ನನ್ನ ಕೈಗೆ ಕೊಟ್ಟ. "ಗಟ್ಟಿ ಐತೆ ಮೇಷ್ಟ್ರೇ, ಬೇಕಾದ್ರೆ ಎಳೆದು ನೋಡಿ" ಎಂದ.

ಎಳೆದು ನೋಡಿದೆ. ಗಟ್ಟಿ ಇತ್ತು. ಬಾಯಿ ತೆರೆದೆ, "ಹೌದು ಕಣಪ್ಪ" ಎಂದಷ್ಟೇ ಹೇಳಿ ಗಾಳವನ್ನು ನೀರಿಗೆ ಎಸೆದೆ.