ಅಕ್ಕ ಹೇಳದ ಹೆಸರು

ಸೇಡಂನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಲಗ್ನದ ಮನೆಗಳಲ್ಲಿ ಹೆಂಗಸರು ಎಷ್ಟು ಕಾಡಿದರೂ ಸೆರಗನ್ನು ಬಾಯಿಗೊತ್ತಿಕೊಂಡು ‘ನಮ್ಮನಿಯವ್ರು’ ಎಂದಷ್ಟೇ ನಗುತ್ತಿದ್ದಳು.

ಕಳೆದ ಚುನಾವಣೆಯಲ್ಲಿ ಮತಗಟ್ಟೆಯ ಸಾಲಿನಲ್ಲಿ ನಾನು ಅವಳ ಹಿಂದಿದ್ದೆ. ಅವಳ ಮುಂದೆ ನಿಂತಿದ್ದ ಅಪರಿಚಿತ ಹೆಂಗಸು ಅಕ್ಕನ ಹೆಸರನ್ನೇ ತನ್ನದೆಂದಳು. ಅಧಿಕಾರಿ ಗಂಡನ ಹೆಸರು ಕೇಳಿದರು. ಅದನ್ನೂ ಥಟ್ಟನೆ ಹೇಳಿಬಿಟ್ಟಳು.

‘ಇಕಿ ನಾನಾದ್ರ ನಾ ಯಾರ್ರೀ?’ ಅಕ್ಕ ಗುಡುಗಿದಳು. ‘ಲಗ್ನ ಆದಾಗಿಂದ ನಾನೇ ಬಾಯಾಗ ತಂದಿಲ್ಲ ಆ ಹೆಸರ! ಇಕಿ ಹೆಂಗ ಹೇಳಿದ್ಳು?’

ಆ ಹೆಂಗಸು ಮುಖ ಮುಚ್ಚಿಕೊಂಡು ಓಡಿದಳು. ಅಧಿಕಾರಿ ಅಕ್ಕನ ಗುರುತಿನ ಚೀಟಿ ನೋಡಿ, ‘ನೀವೂ ಹೇಳಬೇಕಾಗ್ತದರಿ’ ಎಂದರು.

ಅಕ್ಕ ಬಾಯಿಗೊತ್ತಿಕೊಳ್ಳಹೋದ ಸೆರಗನ್ನು ಬಿಟ್ಟು, ಶಾಯಿಗೆ ಬೆರಳು ಚಾಚಿ, ಹೆಸರು ಹೇಳಿದಳು. ಎಷ್ಟು ಜೋರಾಗಿ ಎಂದರೆ, ಹೊರಗೆ ಗಂಡಸರ ಸಾಲಿನಲ್ಲಿದ್ದ ಅವಳ ಗಂಡ ಗಾಬರಿಯಾಗಿ ‘ಓ, ಬಂದೆ!’ ಎಂದು ಓಗೊಟ್ಟ.